ಆ ಕುರ್ಚಿ ಯಾರ ಹಂಗಿನದು?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಹೋದ ವಾರ ಇಂಗು, ಮೆಂತ್ಯ ತರೋಣ ಅಂತ ಮ್ಯಾನ್‌ಹ್ಯಾಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಒಂದು ಮಸಾಲೆ ಅಂಗಡಿಗೆ ಹೋಗಿದ್ದೆ. ಬಾಗಿಲ ಬಳಿ ಒಂದು ಫಲಕ ಕಂಡಿತು. 1881ರಲ್ಲಿ ಚೆಸ್ಟರ್ ಆರ್ಥರ್ ಎಂಬುವರು ಇದೇ ಮನೆಯಲ್ಲಿ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣ ಮಾಡಿದರಂತೆ. ಆಫೀಸಿನಲ್ಲಿ ಕೇಳಿದರೆ ಆ ಹೆಸರು ಯಾರಿಗೂ ಗೊತ್ತಿಲ್ಲ. ಊರಲ್ಲಿ ಕೆಎಎಸ್‌ಗೆ ಓದುತ್ತಿರುವ ತಮ್ಮನಿಗೆ ಫೋನ್ ಮಾಡಿದೆ. 'ಪೆಂಡಲ್‌ಟನ್ ಕಾಯ್ದೆಗೆ, ಅದೇ ಸರ್ಕಾರಿ ಕೆಲಸಕ್ಕೆ ಪರೀಕ್ಷೆ ತಂದ ಕಾಯ್ದೆಗೆ, ಸಹಿ ಹಾಕಿದವನು ಅಲ್ವಾ? ಅವನೇ ವಶೀಲಿಯಿಂದ ಮೇಲೆ ಬಂದವನು' ಅಂದ. ವಶೀಲಿಯವನೇ ವಶೀಲಿಗೆ ಕತ್ತರಿ ಹಾಕಿದನಾ? ಇದು ಹೇಗಾಯಿತು?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಸರಿ. ಅವರು ಪರೀಕ್ಷೆಗೆ ಚೆನ್ನಾಗಿಯೇ ಓದುತ್ತಿದ್ದಾರೆ.

ನೀವು ಹೋಗಿದ್ದು 123, ಲೆಕ್ಸಿಂಗ್ಟನ್ ಅವೆನ್ಯೂ. ಕಲುಸ್ತ್ಯಾನ್ಸ್ ಅಂಗಡಿ. ಆ ಸುತ್ತಮುತ್ತಲಿಗೆ ಈಗ 'ಕರಿ ಹಿಲ್' ಅಂತ ಅಡ್ಡಹೆಸರೇ ಬಿದ್ದಿದೆ, ದೋಸೆ ಹೋಟೆಲುಗಳೂ ಇವೆ. 1881ರಲ್ಲಿ ಅದು ಹೆಂಡತಿಯನ್ನು ಕಳೆದುಕೊಂಡ ಒಬ್ಬ ವಕೀಲನ ಮನೆ. ಸೆಪ್ಟೆಂಬರ್ 20ರ ಬೆಳಗಿನ ಜಾವ, ಗಂಟೆ ಎರಡೂಕಾಲು. ಗೆಳೆಯರು ಹೋಗಿ ಜಾನ್ ಬ್ರೇಡಿ ಎಂಬ ಜಡ್ಜ್ ಸಾಹೇಬರನ್ನು ಹುಡುಕಿ ಕರೆತಂದಿದ್ದರು. ಅವರೆದುರು ನಿಂತು ಚೆಸ್ಟರ್ ಅಲನ್ ಆರ್ಥರ್ ಅಮೆರಿಕದ 21ನೇ ಅಧ್ಯಕ್ಷನಾದ. ನ್ಯೂಯಾರ್ಕ್ ನಗರದಲ್ಲಿ ಅಧ್ಯಕ್ಷ ಪದವಿಯ ಪ್ರಮಾಣ ನಡೆದದ್ದು ಎರಡೇ ಸಲ. ಮೊದಲನೆಯದು 1789ರಲ್ಲಿ, ಜಾರ್ಜ್ ವಾಷಿಂಗ್ಟನ್ನನದು. ಅದಕ್ಕೆ ಬೀದಿ ತುಂಬ ಜನ ಸೇರಿದ್ದರು. ಎರಡನೆಯದಕ್ಕೆ ಇದ್ದವರು ಬೆರಳಲ್ಲಿ ಎಣಿಸುವಷ್ಟು ಮಂದಿ.

ಸಂಭ್ರಮ ಯಾರಿಗೂ ಇರಲಿಲ್ಲ. 'ಚೆಟ್ ಆರ್ಥರ್ ಅಧ್ಯಕ್ಷನಾ? ದೇವರೇ!' ಎಂಬ ಮಾತು ಅವನ ಪಾರ್ಟಿಯವರ ಬಾಯಿಂದಲೇ ಬಂದಿತ್ತು. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆರ್ಥರ್ ಹುಟ್ಟಿದ್ದು 1829ರಲ್ಲಿ, ವರ್ಮಾಂಟ್ ರಾಜ್ಯದ ಫೇರ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. ಅಪ್ಪ ಐರ್ಲೆಂಡಿನಿಂದ ಬಂದ ಬ್ಯಾಪ್ಟಿಸ್ಟ್ ಪಾದ್ರಿ. ಗುಲಾಮಗಿರಿ ಕಂಡರೆ ಆಗದ ಮನುಷ್ಯ. ಮಗ ಯೂನಿಯನ್ ಕಾಲೇಜಿನಲ್ಲಿ ಓದಿ, ಕೆಲಕಾಲ ಮೇಷ್ಟ್ರಾಗಿ, ಆಮೇಲೆ ನ್ಯೂಯಾರ್ಕಿನಲ್ಲಿ ವಕೀಲನಾದ. ವಶೀಲಿ ವಿಚಾರಕ್ಕೆ ಬರುವ ಮೊದಲು ಅವನ ಒಂದು ಕೇಸಿನ ಬಗ್ಗೆ ಹೇಳಲೇಬೇಕು. 1854ರ ಒಂದು ಭಾನುವಾರ ಎಲಿಜಬೆತ್ ಜೆನ್ನಿಂಗ್ಸ್ ಎಂಬ ಕಪ್ಪು ಜನಾಂಗದ ಶಾಲಾ ಶಿಕ್ಷಕಿ ಚರ್ಚಿಗೆ ಹೊರಟಿದ್ದರು. ಅಲ್ಲಿ ಆರ್ಗನ್ ನುಡಿಸುವುದು ಅವರ ಕೆಲಸ. ಕುದುರೆ ಎಳೆಯುವ ಟ್ರಾಮ್ ಹತ್ತಿದಾಗ ಕಂಡಕ್ಟರ್ ಇಳಿಯಲು ಹೇಳಿದ. ಆಕೆ ಕಿಟಕಿ ಹಿಡಿದುಕೊಂಡು ಕೂತರು. ಎಳೆದು ಹೊರಗೆ ದಬ್ಬಿದರು. ಆಕೆಯ ಪರ ನಿಂತವನು 25ರ ಹರೆಯದ ಆರ್ಥರ್. 1855ರಲ್ಲಿ ಕೇಸು ಗೆದ್ದ. ಆಕೆಗೆ 225 ಡಾಲರ್ ಪರಿಹಾರ ಸಿಕ್ಕಿತು. ನ್ಯೂಯಾರ್ಕಿನ ಟ್ರಾಮುಗಳಲ್ಲಿ ಬಣ್ಣದ ಭೇದ ಕಳಚಲು ಶುರುವಾದದ್ದು ಅಲ್ಲಿಂದ. ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಡಲ್ಲ ಅಂದದ್ದು ಇದಾಗಿ ನೂರು ವರ್ಷದ ಮೇಲೆ.

ಇಂಥ ಹುಡುಗ ಹಾಳಾದದ್ದು ಹೇಗೆ? ಹಾಳಾದ ಅನ್ನುವುದು ನನ್ನ ಮಾತು. ಅವನನ್ನು ಕೇಳಿದ್ದರೆ 'ಉದ್ಧಾರವಾದೆ' ಅನ್ನುತ್ತಿದ್ದ.

ಅಂತರ್ಯುದ್ಧದ ಕಾಲದಲ್ಲಿ ಅವನಿಗೆ ನ್ಯೂಯಾರ್ಕ್ ರಾಜ್ಯದ ಸೈನಿಕರಿಗೆ ಊಟ, ಬಟ್ಟೆ, ಡೇರೆ ಒದಗಿಸುವ ಹೊಣೆ ಸಿಕ್ಕಿತು. ಅದನ್ನು ಚೊಕ್ಕವಾಗಿ ಮಾಡಿದ. ಲೆಕ್ಕದಲ್ಲಿ ಗಟ್ಟಿ, ಮಾತಿನಲ್ಲಿ ಮೃದು, ರಾತ್ರಿಯಿಡೀ ಸಿಗಾರ್ ಸೇದುತ್ತಾ ಹರಟಬಲ್ಲವನು. ಇಂಥವರು ಪಾರ್ಟಿಗಳಿಗೆ ಬೇಕೇ ಬೇಕು. ರಾಸ್ಕೋ ಕಾಂಕ್ಲಿಂಗ್ ಎಂಬ ಸೆನೆಟರ್ ನ್ಯೂಯಾರ್ಕಿನ ರಿಪಬ್ಲಿಕನ್ ಪಾರ್ಟಿಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ. ಆರ್ಥರ್ ಅವನ ಬಲಗೈ ಆದ. 1871ರಲ್ಲಿ ಅಧ್ಯಕ್ಷ ಗ್ರಾಂಟ್ ಅವನನ್ನು ನ್ಯೂಯಾರ್ಕ್ ಬಂದರಿನ ಸುಂಕದ ಕಚೇರಿಗೆ ಕಲೆಕ್ಟರ್ ಮಾಡಿದ. ಕಲೆಕ್ಟರ್ ಅಂದರೆ ನಮ್ಮ ಡಿಸಿ ಅಲ್ಲ, ಸುಂಕ ವಸೂಲಿಯ ಮುಖ್ಯಸ್ಥ.

ಆಗ ಅಮೆರಿಕದಲ್ಲಿ ಆದಾಯ ತೆರಿಗೆ ಇರಲಿಲ್ಲ ಅನ್ನುವಷ್ಟು ಕಮ್ಮಿ. ಸರ್ಕಾರ ನಡೆಯುತ್ತಿದ್ದುದು ಸುಂಕದ ಮೇಲೆ, ಆ ಸುಂಕದ ಬಹುಪಾಲು ಬರುತ್ತಿದ್ದುದು ಈ ಒಂದು ಬಂದರಿನಿಂದ. ಕಚೇರಿಯಲ್ಲಿ ಸುಮಾರು ಸಾವಿರ ಜನ. ಅದರಲ್ಲಿ ಯಾರಿಗೂ ಪರೀಕ್ಷೆ ಪಾಸಾಗಿ ಕೆಲಸ ಸಿಕ್ಕಿದ್ದಲ್ಲ. ನೀವು ಯಾರ ಕಡೆಯವರು ಅನ್ನುವುದೇ ಅರ್ಹತೆ. ಸಂಬಳ ಬಂದ ಮೇಲೆ ಅದರಲ್ಲಿ ಇಂತಿಷ್ಟು ಪಾರ್ಟಿಗೆ ವಂತಿಗೆ ಕೊಡಬೇಕು. ಕೊಡದಿದ್ದರೆ ನಾಳೆ ಆ ಕುರ್ಚಿಯಲ್ಲಿ ಬೇರೆಯವರು. ಚುನಾವಣೆ ಬಂದಾಗ ಗುಮಾಸ್ತರೇ ಕಾರ್ಯಕರ್ತರು. ಬೇರೆ ಪಾರ್ಟಿ ಗೆದ್ದರೆ ಜವಾನನಿಂದ ಹಿಡಿದು ಎಲ್ಲರೂ ಮನೆಗೆ. ಗೆದ್ದೆತ್ತಿನ ಬಾಲ ಹಿಡಿಯುವುದನ್ನೇ ಒಂದು ಆಡಳಿತ ಪದ್ಧತಿ ಮಾಡಿಟ್ಟಿದ್ದರು ಅನ್ನಿ. ಇದು ಆರ್ಥರ್ ಶುರು ಮಾಡಿದ್ದಲ್ಲ, ಆಗಲೇ 40 ವರ್ಷದಿಂದ ನಡೆದು ಬಂದದ್ದು. ಆದರೆ ಅದನ್ನು ಅವನಷ್ಟು ನಯವಾಗಿ ನಡೆಸಿದವರು ಕಮ್ಮಿ.

ಅವನ ಸ್ವಂತ ಗಳಿಕೆಯೂ ಸಣ್ಣದಲ್ಲ. ಸುಂಕ ತಪ್ಪಿಸಿದವರ ದಂಡದಲ್ಲಿ ಕಲೆಕ್ಟರಿಗೂ ಪಾಲು ಕೊಡುವ ಕಾನೂನಿತ್ತು. ಅದೆಲ್ಲ ಸೇರಿ ವರ್ಷಕ್ಕೆ 50,000 ಡಾಲರ್ ದಾಟುತ್ತಿತ್ತು. ಈ ಅಂಕಿ ನೆನಪಿಡಿ, ಮುಂದೆ ಬೇರೊಬ್ಬನ ಬಾಯಲ್ಲಿ ಬರುತ್ತದೆ. 1874ರಲ್ಲಿ ಆ ಪಾಲಿನ ಪದ್ಧತಿ ರದ್ದಾಯಿತು. 1878ರಲ್ಲಿ ಅಧ್ಯಕ್ಷ ಹೇಯ್ಸ್ ತನಿಖೆ ಮಾಡಿಸಿ ಆರ್ಥರ್‌ನನ್ನೇ ಕುರ್ಚಿಯಿಂದ ಇಳಿಸಿದ. ಅವನು ಲಂಚ ತಿಂದ ಅಂತ ಯಾರೂ ಸಾಬೀತು ಮಾಡಲಿಲ್ಲ. ಕಚೇರಿಗೆ ಮಧ್ಯಾಹ್ನ ಬರುತ್ತಿದ್ದ, ಬೇಕಾದವರನ್ನೆಲ್ಲ ತುಂಬಿಸಿದ್ದ, ಅಷ್ಟೆ. ಆ ಕಾಲಕ್ಕೆ ಅದು 'ಅಷ್ಟೆ'.

ಇನ್ನು ಅವನು ಉಪಾಧ್ಯಕ್ಷನಾದ ಕಥೆ. 1880ರ ಜೂನ್, ಶಿಕಾಗೋದಲ್ಲಿ ಪಾರ್ಟಿಯ ಸಮಾವೇಶ. ಕಾಂಕ್ಲಿಂಗ್‌ನ ಬಣಕ್ಕೆ ಸ್ಟಾಲ್ವರ್ಟ್ಸ್ ಅಂತ ಹೆಸರು. ಅವರಿಗೆ ಗ್ರಾಂಟ್ ಮೂರನೇ ಸಲ ಬೇಕಿತ್ತು. ಎದುರು ಬಣ ಬಿಡಲಿಲ್ಲ. 36 ಸುತ್ತು ಮತದಾನವಾಗಿ ಕೊನೆಗೆ ಯಾರೂ ಎಣಿಸದ ಜೇಮ್ಸ್ ಗಾರ್ಫೀಲ್ಡ್ ಅಭ್ಯರ್ಥಿಯಾದ. ಸೋತ ಬಣವನ್ನು ಸಮಾಧಾನ ಮಾಡಬೇಕಲ್ಲ, ಉಪಾಧ್ಯಕ್ಷ ಸ್ಥಾನವನ್ನು ಆರ್ಥರ್‌ಗೆ ಕೊಟ್ಟರು. ಅಲ್ಲಿಯವರೆಗೆ ಅವನು ಒಂದು ಚುನಾವಣೆಯಲ್ಲೂ ಗೆದ್ದವನಲ್ಲ. ಕಾಂಕ್ಲಿಂಗ್ ಸಿಡಿಮಿಡಿಗೊಂಡು 'ಕಮ್ಮಾರನ ಕುಲುಮೆಯ ಕಾದ ಲಾಳದ ಹಾಗೆ ಅದನ್ನು ಕೈಬಿಡು' ಅಂದನಂತೆ. ಆರ್ಥರ್ ಕೇಳಲಿಲ್ಲ. 'ನಾನು ಕನಸಲ್ಲೂ ಕಾಣದ ಗೌರವ ಇದು' ಅಂದ. ಗುರುವಿಗೆ ಅವನು ಎದುರಾಡಿದ್ದು ಅದೇ ಮೊದಲು. ಆದರೆ ಹಂಗು ಹರಿಯಲಿಲ್ಲ. ಗೆದ್ದು ಉಪಾಧ್ಯಕ್ಷನಾದ ಮೇಲೂ ಕಾಂಕ್ಲಿಂಗ್‌ನ ಕೆಲಸವನ್ನೇ ಮಾಡಿದ. ಗಾರ್ಫೀಲ್ಡ್ ಅದೇ ಸುಂಕದ ಕಚೇರಿಗೆ ಎದುರು ಬಣದ ವಿಲಿಯಂ ರಾಬರ್ಟ್‌ಸನ್‌ನನ್ನು ಹಾಕಿದಾಗ ಕಾಂಕ್ಲಿಂಗ್ ಸಿಟ್ಟಿನಲ್ಲಿ ಸೆನೆಟ್‌ಗೆ ರಾಜೀನಾಮೆ ಕೊಟ್ಟ. ಆಗ ಸೆನೆಟರನ್ನು ಆರಿಸುತ್ತಿದ್ದುದು ರಾಜ್ಯದ ಶಾಸಕರು, ಅವರು ಮತ್ತೆ ಆರಿಸಿ ಕಳಿಸುತ್ತಾರೆ ಅಂತ ಲೆಕ್ಕ. ದೇಶದ ಉಪಾಧ್ಯಕ್ಷ ರಾಜ್ಯದ ರಾಜಧಾನಿ ಆಲ್ಬನಿಗೆ ಹೋಗಿ ಶಾಸಕರ ಹಿಂದೆ ಸುತ್ತಿದ, ತನ್ನ ಅಧ್ಯಕ್ಷನ ವಿರುದ್ಧವೇ. ಪೇಪರಿನವರು ಉಗಿದರು. ಸರಿಯಾಗಿಯೇ ಉಗಿದರು.

1881ರ ಜುಲೈ 2. ಆರ್ಥರ್, ಕಾಂಕ್ಲಿಂಗ್ ಇಬ್ಬರೂ ಆಲ್ಬನಿಯಿಂದ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದ ದಿನವೇ ಸುದ್ದಿ ಬಂತು. ವಾಷಿಂಗ್ಟನ್ನಿನ ರೈಲ್ವೆ ಸ್ಟೇಷನ್ನಿನಲ್ಲಿ ಗಾರ್ಫೀಲ್ಡ್ ಮೇಲೆ ಗುಂಡು. ಹೊಡೆದವನು ಚಾರ್ಲ್ಸ್ ಗಿಟೋ. ಚುನಾವಣೆಯಲ್ಲಿ ಏನೋ ಒಂದು ಭಾಷಣ ಅಚ್ಚು ಹಾಕಿಸಿ ಹಂಚಿದ್ದನ್ನೇ ದೊಡ್ಡ ಸೇವೆ ಅಂದುಕೊಂಡು ಪ್ಯಾರಿಸ್ಸಿನಲ್ಲಿ ರಾಯಭಾರ ಕಚೇರಿಯ ಹುದ್ದೆ ಕೊಡಿ ಅಂತ ತಿಂಗಳುಗಟ್ಟಲೆ ಅಲೆದವನು. ತಲೆ ಕೆಟ್ಟಿತ್ತು, ನಿಜ. ಆದರೆ 'ಪಾರ್ಟಿಗೆ ದುಡಿದೆ, ಕೆಲಸ ಕೊಡಿ' ಅನ್ನುವ ಆ ತರ್ಕ ಅವನದ್ದಲ್ಲ, ಊರಿಗೆಲ್ಲ ಇದ್ದದ್ದು. ಪೊಲೀಸರು ಹಿಡಿದಾಗ ಅವನು ಹೇಳಿದ ಮಾತು: 'ನಾನು ಸ್ಟಾಲ್ವರ್ಟ್. ಇನ್ನು ಆರ್ಥರ್ ಅಧ್ಯಕ್ಷ.'

ಗಾರ್ಫೀಲ್ಡ್ 79 ದಿನ ನರಳಿದ. ಗುಂಡಿಗಿಂತ ವೈದ್ಯರೇ ಕೊಂದರು ಅಂತ ಈಗ ಬಹಳ ಮಂದಿ ಹೇಳುತ್ತಾರೆ. ಕೈ ತೊಳೆಯದೆ ಗಾಯದೊಳಗೆ ಬೆರಳು ಹಾಕಿ ಗುಂಡು ಹುಡುಕಿದರು, ಕೀವಾಯಿತು. ಅಷ್ಟೂ ದಿನ ಆರ್ಥರ್ ಲೆಕ್ಸಿಂಗ್ಟನ್ ಅವೆನ್ಯೂ ಮನೆ ಬಿಟ್ಟು ಹೊರಬಂದದ್ದು ಕಮ್ಮಿ. ಅಧಿಕಾರ ವಹಿಸಿಕೊಳ್ಳಿ ಅಂದರೆ ಒಪ್ಪಲಿಲ್ಲ. ಕೊಲೆಯಲ್ಲಿ ಅವನ ಕೈವಾಡವಿದೆ ಅಂತ ಗುಸುಗುಸು ಇತ್ತು. ಸಾವಿನ ಸುದ್ದಿ ಬಂದ ರಾತ್ರಿ ಕೋಣೆಯಲ್ಲಿ ಒಬ್ಬನೇ ಕೂತು ಮಗುವಿನಂತೆ ಅಳುತ್ತಿದ್ದಾರೆ ಅಂತ ಬಾಗಿಲು ಕಾಯುವವನು ಪತ್ರಕರ್ತರಿಗೆ ಹೇಳಿದ.

ಆ ಅಳುವಿನ ಮಧ್ಯೆಯೂ ಹಳೆಯ ಆಫೀಸ್ ಬುದ್ಧಿ ಹೋಗಿರಲಿಲ್ಲ ನೋಡಿ. ಆಗ ಉಪಾಧ್ಯಕ್ಷನಿಲ್ಲ. ಸೆನೆಟ್‌ಗಾಗಲಿ ಕೆಳಮನೆಗಾಗಲಿ ಮುಖ್ಯಸ್ಥರಿಲ್ಲ. ತಾನು ವಾಷಿಂಗ್ಟನ್ ಮುಟ್ಟುವ ಮೊದಲೇ ಸತ್ತರೆ ದೇಶಕ್ಕೆ ಯಾರೂ ಇಲ್ಲ. ಹಾಗಾಗಿ ಸೆನೆಟ್ ಕರೆಯುವ ಆದೇಶ ಬರೆದು, ಲಕೋಟೆಗೆ ಹಾಕಿ, ವೈಟ್ ಹೌಸ್ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ. ಆಮೇಲೆ ತಾನು ಹೊರಟ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅವನು ಹೇಗೆ ಬದಲಾದ?

ಎಲ್ಲರೂ ಹೇಳುವ ಒಂದು ಕಾರಣ ಜೂಲಿಯಾ ಸ್ಯಾಂಡ್. ನ್ಯೂಯಾರ್ಕಿನಲ್ಲಿದ್ದ 31 ವರ್ಷದ ಹೆಂಗಸು. ಕಾಯಿಲೆಯಿಂದ ಮನೆ ಹಿಡಿದವಳು, ಅವನಿಗೆ ಪರಿಚಯವೇ ಇಲ್ಲ. ಗಾರ್ಫೀಲ್ಡ್ ಇನ್ನೂ ಉಸಿರಾಡುತ್ತಿದ್ದಾಗ, ಆಗಸ್ಟ್ 27ರಂದು, ಆಕೆ ಒಂದು ಕಾಗದ ಬರೆದಳು. ಜನ ಅಳುತ್ತಿರುವುದು ಅವರು ಸಾಯುತ್ತಾರೆ ಅಂತಲ್ಲ, ಅವರ ಜಾಗಕ್ಕೆ ನೀವು ಬರುತ್ತೀರಿ ಅಂತ, ಗೊತ್ತಾ? ಹೀಗೆ ಶುರು. ನಿಮ್ಮಲ್ಲಿ ಒಳ್ಳೆಯತನದ ಒಂದು ಕಿಡಿ ಇದ್ದರೆ ತೋರಿಸುವ ಹೊತ್ತು ಇದು, ತಪ್ಪೇ ಮಾಡದಿರುವುದು ದೊಡ್ಡತನವಲ್ಲ, ತಪ್ಪು ಅಂತ ಗೊತ್ತಾದ ಮೇಲೆ ಅದಕ್ಕೆ ಬೆನ್ನು ತಿರುಗಿಸುವುದು ದೊಡ್ಡತನ ಅಂತ ಮುಂದುವರಿಸಿದಳು. ಇಂಥ 23 ಕಾಗದ ಬರೆದಳು. ಹೊಗಳಿಕೆ ಇರುತ್ತಿತ್ತು, ಬೈಗುಳವೂ ಇರುತ್ತಿತ್ತು. ರಾಜನ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವ ಆಸ್ಥಾನದ ಕುಬ್ಜೆ ನಾನು ಅಂತ ತನ್ನನ್ನೇ ಕರೆದುಕೊಂಡಿದ್ದಳು. 1882ರ ಆಗಸ್ಟ್ 20ರ ಸಂಜೆ ಅವಳ ಮನೆ ಮುಂದೆ ಒಂದು ಸಾರೋಟು ನಿಂತಿತು. ಇಳಿದವನು ಅಧ್ಯಕ್ಷ. ಅಷ್ಟು ಕಾಗದ ಬರೆದವಳು ಗಾಬರಿಯಾಗಿ ಪರದೆಯ ಹಿಂದೆ ಅವಿತಳಂತೆ.

ಚೆಂದದ ಕಥೆ. ನಿಜವೂ ಹೌದು. ಆದರೆ ಬರೀ ಕಾಗದದಿಂದ ಮನುಷ್ಯ ಬದಲಾಗುತ್ತಾನೆ ಅಂತ ನಾನು ನಂಬುವುದಿಲ್ಲ. ನನ್ನ ಮಟ್ಟಿಗೆ ವಿಷಯ ಇರುವುದು ಹಂಗಿನಲ್ಲಿ. ಆರ್ಥರ್ ಅಲ್ಲಿಯವರೆಗೆ ಪಡೆದದ್ದೆಲ್ಲ ಇನ್ನೊಬ್ಬರ ಹಂಗಿನದು. ಕಲೆಕ್ಟರ್ ಹುದ್ದೆ ಕಾಂಕ್ಲಿಂಗ್ ಮತ್ತು ಗ್ರಾಂಟ್ ಕೊಟ್ಟದ್ದು. ಉಪಾಧ್ಯಕ್ಷ ಸ್ಥಾನ ಗಾರ್ಫೀಲ್ಡ್ ಕಡೆಯವರು ಕೊಟ್ಟದ್ದು. ಅಧ್ಯಕ್ಷ ಪದವಿಯನ್ನು ಮಾತ್ರ ಇವರು ಯಾರೂ ಕೊಡಲಿಲ್ಲ. ಅದು ನನ್ನ ಕೊಡುಗೆ ಅಂತ ಹೇಳಿಕೊಂಡವನು ಒಬ್ಬನೇ, ಗಿಟೋ. ಜೈಲಿನಿಂದ ಆರ್ಥರ್‌ಗೆ ಬರೆದ: ನನ್ನಿಂದಾಗಿ ನಿಮ್ಮ ಸಂಬಳ 8,000ದಿಂದ 50,000 ಡಾಲರ್ ಆಯಿತು, ಉಪಕಾರ ಮರೆಯಬೇಡಿ ಅನ್ನುವ ಧಾಟಿಯಲ್ಲಿ. ಯೋಚಿಸಿ ನೋಡಿ. ಸುಂಕದ ಕಚೇರಿಯಲ್ಲಿ ಆರ್ಥರ್ ವರ್ಷಗಟ್ಟಲೆ ಕೇಳಿದ್ದು ಇದೇ ಭಾಷೆ. ನಿಮಗೆ ಕುರ್ಚಿ ಕೊಡಿಸಿದೆ, ನನಗೇನು ಕೊಡುತ್ತೀರಿ? ಈಗ ಅದನ್ನು ಒಬ್ಬ ಕೊಲೆಗಾರ ಆಡುತ್ತಿದ್ದಾನೆ. ಅವನ ಗಲ್ಲು ಮುಂದೂಡಿ ಅಂತ ಬಂದ ಮನವಿಯನ್ನು ಆರ್ಥರ್ ಒಪ್ಪಲಿಲ್ಲ. 1882ರ ಜೂನ್ 30ರಂದು ಗಿಟೋನನ್ನು ಗಲ್ಲಿಗೇರಿಸಿದರು.

ಕಾಂಕ್ಲಿಂಗ್ ಮಾತ್ರ ಇನ್ನೂ ಹಳೇ ಲೆಕ್ಕದಲ್ಲೇ ಇದ್ದ. ರಾಬರ್ಟ್‌ಸನ್‌ನನ್ನು ಸುಂಕದ ಕಚೇರಿಯಿಂದ ತೆಗಿ ಅಂತ ಬಂದು ಕೇಳಿದ. ಸತ್ತ ಅಧ್ಯಕ್ಷ ಯಾವ ನೇಮಕಕ್ಕಾಗಿ ಇಷ್ಟೆಲ್ಲ ಅನುಭವಿಸಿದನೋ ಅದನ್ನೇ ರದ್ದು ಮಾಡಬೇಕಿತ್ತು. ಆರ್ಥರ್ ಆಗಲ್ಲ ಅಂದ. ಬದಲಿಗೆ ಸುಪ್ರೀಂ ಕೋರ್ಟಿನ ಜಡ್ಜ್ ಸ್ಥಾನಕ್ಕೆ ಅವನ ಹೆಸರು ಕಳಿಸಿದ. ಸೆನೆಟ್ ಒಪ್ಪಿತು, ಕಾಂಕ್ಲಿಂಗ್ ಬೇಡ ಅಂದ. ಅವನಿಗೆ ಬೇಕಾಗಿದ್ದದ್ದು ಗೌರವವಲ್ಲ, ಸುಂಕದ ಕಚೇರಿ. 'ಅವನೀಗ ನಮ್ಮ ಚೆಟ್ ಆರ್ಥರ್ ಅಲ್ಲ ಮಾರಾಯ, ಅಧ್ಯಕ್ಷ' ಅಂತ ಹಳೆಯ ಗೆಳೆಯರಲ್ಲೊಬ್ಬ ಬೇಜಾರಿನಲ್ಲಿ ಹೇಳಿದ್ದು ಆ ದಿನಗಳಲ್ಲೇ.

ಪೆಂಡಲ್‌ಟನ್ ಕಾಯ್ದೆಯ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು, ನಿಮ್ಮ ತಮ್ಮನಿಗೂ ಹೇಳಿ. ಆರ್ಥರ್ ಅದರ ಜನಕನಲ್ಲ. ಮಂಡಿಸಿದವನು ಒಹಾಯೋದ ಡೆಮಾಕ್ರಟಿಕ್ ಸೆನೆಟರ್ ಜಾರ್ಜ್ ಪೆಂಡಲ್‌ಟನ್. ಕರಡು ಬರೆದವನು ಡಾರ್ಮನ್ ಈಟನ್ ಎಂಬ ವಕೀಲ. 1881ರ ಡಿಸೆಂಬರಿನ ಸಂದೇಶದಲ್ಲಿ ಆರ್ಥರ್ ಪರೀಕ್ಷೆ ಪದ್ಧತಿ ಬಗ್ಗೆ ಅನುಮಾನವನ್ನೇ ಹೇಳಿದ್ದ. ಪುಸ್ತಕ ಓದಿದವರು ಮುಂದೆ ಬರುತ್ತಾರೆ, ಅನುಭವಸ್ಥರು ಹಿಂದೆ ಬೀಳುತ್ತಾರೆ ಅನ್ನುವ ವಾದ. ಈ ವಾದ ನಮ್ಮಲ್ಲೂ ಕೇಳಿದ್ದೇವೆ, ಅಲ್ವಾ? ಕಾಂಗ್ರೆಸ್, ಅಂದರೆ ಅಲ್ಲಿಯ ಸಂಸತ್ತು, ಕಾಯ್ದೆ ಮಾಡಿದರೆ ಜಾರಿ ಮಾಡುತ್ತೇನೆ ಅಂತ ಮಾತ್ರ ಸೇರಿಸಿದ್ದ. 1882ರ ಚುನಾವಣೆಯಲ್ಲಿ ರಿಪಬ್ಲಿಕನ್ನರು ಕೆಳಮನೆ ಕಳೆದುಕೊಂಡ ಮೇಲೆ ಗಾಳಿ ತಿರುಗಿತು. ಮುಂದಿನ ಸಲ ಡೆಮಾಕ್ರಟರು ಬಂದರೆ ನಮ್ಮವರನ್ನೆಲ್ಲ ಕಿತ್ತುಹಾಕುತ್ತಾರೆ, ಅದಕ್ಕಿಂತ ಈಗಲೇ ಕಾಯ್ದೆಯ ಬೇಲಿ ಹಾಕಿದರೆ ಅವರ ಕೆಲಸ ಉಳಿಯುತ್ತದೆ ಅನ್ನುವ ಲೆಕ್ಕಾಚಾರವೂ ಇತ್ತು. ಒಳ್ಳೆಯ ಕಾಯ್ದೆಗಳು ಎಷ್ಟೋ ಸಲ ಇಂಥ ಕಾರಣಕ್ಕೇ ಹುಟ್ಟುತ್ತವೆ. ಸೆನೆಟ್‌ನಲ್ಲಿ 38ಕ್ಕೆ 5, ಕೆಳಮನೆಯಲ್ಲಿ 155ಕ್ಕೆ 47 ಮತ. 1883ರ ಜನವರಿ 16ರಂದು ಆರ್ಥರ್ ಸಹಿ ಹಾಕಿದ.

ಕಾಯ್ದೆ ಮೊದಲಿಗೆ ಮುಟ್ಟಿದ್ದು ಹತ್ತರಲ್ಲಿ ಒಂದು ಹುದ್ದೆಯನ್ನು ಮಾತ್ರ. ವಾಷಿಂಗ್ಟನ್ನಿನ ಇಲಾಖೆಗಳು, ಮತ್ತೆ 50 ಜನರಿಗಿಂತ ಕಮ್ಮಿ ಇಲ್ಲದ ಅಂಚೆ ಮತ್ತು ಸುಂಕದ ಕಚೇರಿಗಳು. ಅಂದರೆ ಆರ್ಥರ್ ಏಳು ವರ್ಷ ಆಳಿದ ಅದೇ ಕಚೇರಿಗೆ ಈಗ ಪರೀಕ್ಷೆ ಬಂತು. ಗುಮಾಸ್ತರಿಂದ ವಂತಿಗೆ ಕೀಳುವುದು ಅಪರಾಧವಾಯಿತು. ಜೊತೆಗೆ ಒಂದು ಜಾಣ ಕೀಲಿ ಇತ್ತು: ಇನ್ನಷ್ಟು ಹುದ್ದೆಗಳನ್ನು ಪಟ್ಟಿಗೆ ಸೇರಿಸುವ ಅಧಿಕಾರ ಅಧ್ಯಕ್ಷನಿಗಿತ್ತು. ಇಳಿದು ಹೋಗುವ ಪ್ರತಿಯೊಬ್ಬ ಅಧ್ಯಕ್ಷನೂ ತನ್ನವರನ್ನು ಉಳಿಸಲು ಪಟ್ಟಿ ಬೆಳೆಸುತ್ತಾ ಹೋದ. ಶತಮಾನ ಮುಗಿಯುವ ಹೊತ್ತಿಗೆ ಅರ್ಧದ ಹತ್ತಿರ ಬಂದಿತ್ತು. ಆರ್ಥರ್ ತನ್ನ ಪಾಲಿನ ಕೆಲಸವನ್ನು ಹುಷಾರಾಗಿ ಮಾಡಿದ. ಪರೀಕ್ಷೆ ನೋಡಿಕೊಳ್ಳುವ ಆಯೋಗಕ್ಕೆ ಪಾರ್ಟಿಯ ಯಾವನೋ ಚೇಲಾನನ್ನು ಹಾಕಿ ಹಲ್ಲು ಕೀಳಬಹುದಿತ್ತು. ಹಾಗೆ ಮಾಡದೆ ಕರಡು ಬರೆದ ಈಟನ್‌ನನ್ನೇ ಮುಖ್ಯಸ್ಥ ಮಾಡಿದ.

ಈ ಈಟನ್ ಮೂಲಕ ನಮಗೂ ಒಂದು ನೆಂಟಸ್ತನವಿದೆ. ಹೇಯ್ಸ್ ಕಾಲದಲ್ಲಿ ಅವನು ಬ್ರಿಟನ್ನಿಗೆ ಹೋಗಿ ಅಲ್ಲಿಯ ಪದ್ಧತಿ ಅಭ್ಯಾಸ ಮಾಡಿ ವರದಿ ಬರೆದ. ಬ್ರಿಟಿಷರು ಪೈಪೋಟಿ ಪರೀಕ್ಷೆಯನ್ನು ದೊಡ್ಡದಾಗಿ ಮೊದಲು ಶುರು ಮಾಡಿದ್ದು ಇಂಡಿಯಾದ ಆಡಳಿತಕ್ಕೆ. 1853ರ ಕಾಯ್ದೆ, 1855ರಲ್ಲಿ ಲಂಡನ್ನಿನಲ್ಲಿ ಐಸಿಎಸ್‌ನ ಮೊದಲ ಪರೀಕ್ಷೆ. ನಿಮ್ಮ ತಮ್ಮ ಬರೆಯುವ ಪರೀಕ್ಷೆಯೂ, ಅಮೆರಿಕದ ಗುಮಾಸ್ತರು ಬರೆದ ಪರೀಕ್ಷೆಯೂ ಒಂದೇ ಬೇರಿನವು ಅನ್ನಬಹುದು.

ಇಷ್ಟು ಹೇಳಿ ನಿಲ್ಲಿಸಿದರೆ ಆರ್ಥರ್‌ನನ್ನು ದೇವರ ಪಟ್ಟಕ್ಕೆ ಏರಿಸಿದ ಹಾಗಾಗುತ್ತದೆ. 1882ರಲ್ಲಿ ಚೀನೀ ಕೂಲಿಗಳು 20 ವರ್ಷ ಅಮೆರಿಕಕ್ಕೆ ಬರಬಾರದು ಅನ್ನುವ ಮಸೂದೆ ಬಂತು. ಚೀನಾ ಜೊತೆಗಿನ ಒಪ್ಪಂದ ಮುರಿದ ಹಾಗಾಗುತ್ತದೆ ಅಂತ ಅವನು ತಿರಸ್ಕರಿಸಿದ. ಜೂಲಿಯಾ ಮೆಚ್ಚಿದಳು. ತಿಂಗಳೊಪ್ಪತ್ತಿನಲ್ಲಿ ಅದೇ ಮಸೂದೆ 20 ಹೋಗಿ 10 ವರ್ಷವಾಗಿ ಬಂದಾಗ ಸಹಿ ಹಾಕಿದ. ಆ ಹತ್ತು ವರ್ಷ ಎಳೆದು ಎಳೆದು 1943ರವರೆಗೆ ಹೋಯಿತು. ಹಾಗೆ ಶುರುವಾದ ಬಾಗಿಲು ಮುಚ್ಚುವ ಅಭ್ಯಾಸ 1917ರಲ್ಲಿ ಇಂಡಿಯಾದವರಿಗೂ ತಟ್ಟಿತು. ಎಲಿಜಬೆತ್ ಜೆನ್ನಿಂಗ್ಸ್ ಪರ ವಾದಿಸಿದವನು, 1883ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಜನರ ಹಕ್ಕಿನ ಕಾಯ್ದೆಯನ್ನು ಹೊಡೆದುಹಾಕಿದಾಗ ಕಾಂಗ್ರೆಸ್‌ಗೆ ನಾಲ್ಕು ಒಳ್ಳೆಯ ಮಾತು ಬರೆದ. ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನೌಕಾಪಡೆಗೆ ಮೊದಲ ಉಕ್ಕಿನ ಹಡಗುಗಳು ಅವನ ಕಾಲದಲ್ಲಿ ಮಂಜೂರಾದವು. ನದಿ, ಬಂದರು ಅಂತ ಎಲ್ಲರೂ ತಮ್ಮ ತಮ್ಮ ಊರಿಗೆ ಹಣ ಬಾಚಿಕೊಂಡ ಸುಮಾರು 1.9 ಕೋಟಿ ಡಾಲರಿನ ಮಸೂದೆಯನ್ನು ತಿರಸ್ಕರಿಸಿದ. ಕಾಂಗ್ರೆಸ್ ಮಾರನೇ ದಿನವೇ ಅದನ್ನು ಮತ್ತೆ ಪಾಸು ಮಾಡಿತು. ಶೋಕಿಯಂತೂ ಕೇಳಬೇಡಿ. 80 ಜೊತೆ ಪ್ಯಾಂಟ್ ಇವೆ ಅಂತ ಜನ ಆಡಿಕೊಳ್ಳುತ್ತಿದ್ದರು. ವೈಟ್ ಹೌಸಿನ ಹಳೇ ಸಾಮಾನು 24 ಗಾಡಿ ಹರಾಜು ಹಾಕಿಸಿ, ಲೂಯಿ ಟಿಫನಿಯನ್ನು ಕರೆಸಿ ಬಣ್ಣದ ಗಾಜಿನ ಕೆಲಸ ಮಾಡಿಸಿದ. ಆ ಮನೆಯಲ್ಲಿ ಹೆಂಡತಿ ನೆಲ್ ಇರಲಿಲ್ಲ. 1880ರ ಜನವರಿಯಲ್ಲೇ, 42ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಹೋಗಿದ್ದಳು. ಅವಳ ಫೋಟೋ ಮುಂದೆ ದಿನಾ ಹೊಸ ಹೂವು ಇಡಿಸುತ್ತಿದ್ದ.

ಆ ಹೆಸರು ಯಾರಿಗೂ ಗೊತ್ತಿಲ್ಲ ಅಂದಿರಲ್ಲ. ಅವನೇ ಅದಕ್ಕೆ ಅರ್ಧ ಕಾರಣ. 1882ರಲ್ಲೇ ಮೂತ್ರಪಿಂಡದ ಕಾಯಿಲೆ ಇದೆ ಅಂತ ಗೊತ್ತಾಗಿತ್ತು. ಆಗ ಅದಕ್ಕೆ ಮದ್ದಿರಲಿಲ್ಲ. ಹೊರಗೆ ಹೇಳಲಿಲ್ಲ. 1884ರಲ್ಲಿ ಮತ್ತೆ ಅಭ್ಯರ್ಥಿಯಾಗಲು ಮನಸ್ಸಿಟ್ಟು ಓಡಾಡಲಿಲ್ಲ, ಪಾರ್ಟಿ ಜೇಮ್ಸ್ ಬ್ಲೇನ್‌ಗೆ ಟಿಕೆಟ್ ಕೊಟ್ಟು ಸೋತಿತು. ಆರ್ಥರ್ ಲೆಕ್ಸಿಂಗ್ಟನ್ ಅವೆನ್ಯೂ ಮನೆಗೆ ವಾಪಸ್ಸು ಬಂದ. 1886ರ ನವೆಂಬರ್ 18ರಂದು ಅದೇ ಮನೆಯಲ್ಲಿ ತೀರಿಕೊಂಡ. ವಯಸ್ಸು 57. ಸಾಯುವ ಮುಂಚೆ ತನ್ನ ಕಾಗದ ಪತ್ರಗಳನ್ನೆಲ್ಲ ಸುಡಿಸಿದ. ಜೂಲಿಯಾ ಬರೆದವು ಮಾತ್ರ ಹೇಗೋ ಉಳಿದವು. 1958ರಲ್ಲಿ ಮೊಮ್ಮಗನ ಬಳಿ ಸಿಕ್ಕವು.

ಮುಂದಿನ ಸಲ ಇಂಗು ತರಲು ಹೋದಾಗ ಹತ್ತು ನಿಮಿಷ ನಡೆದು ಮ್ಯಾಡಿಸನ್ ಸ್ಕ್ವೇರ್ ಪಾರ್ಕಿಗೆ ಹೋಗಿ ಬನ್ನಿ. ಈಶಾನ್ಯ ಮೂಲೆಯಲ್ಲಿ ಆರ್ಥರ್‌ನ ಕಂಚಿನ ವಿಗ್ರಹವಿದೆ. 1888ರ ದೊಡ್ಡ ಹಿಮಗಾಳಿಯಲ್ಲಿ ಗಾಡಿ ಬೇಡ ಅಂತ ಹಟಕ್ಕೆ ನಡೆದು ಹೋಗಿ, ಬಿದ್ದು, ಐದು ವಾರದ ಮೇಲೆ ಸತ್ತ ಕಾಂಕ್ಲಿಂಗ್‌ನದೂ ಅದೇ ಪಾರ್ಕಿನಲ್ಲಿದೆ, ಆಗ್ನೇಯ ಮೂಲೆಯಲ್ಲಿ.